ಖಾಲಿ ಪಟ್ಟಿ

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನರ್ಸುಗಳ ಕೌಂಟರಿನ ಮುಂದೆ ನಿಂತಾಗ ಅವನಿಗೆ ಮೊದಲು ಕಂಡದ್ದು ತಾನೇ ಬೆಳಿಗ್ಗೆ ಆರಿಸಿದ ಹಳದಿ ಬಣ್ಣ. ಕಂಪ್ಯೂಟರಿನ ಪರದೆಯ ಮೇಲೆ ಹದಿನಾಲ್ಕನೇ ಹಾಸಿಗೆಯ ರೋಗಿಯ ದಾಖಲೆ ತೆರೆದಿತ್ತು. ಹೆಂಗಸು, ನಲವತ್ತೊಂದು ವರ್ಷ, ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕೆ ದಾಖಲು. ಅದರ ಕೆಳಗೆ, ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ: 'ಅಲರ್ಜಿ: ಕೇಳಿಲ್ಲ'. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರು ಹಳದಿಗಳಲ್ಲಿ ಯಾವುದು ಕಣ್ಣಿಗೆ ಹೊಡೆಯುತ್ತದೆ ಎಂದು ಹಾಕಿ ನೋಡಿದ್ದ. ಈಗ ಅದು ನಿಜವಾಗಿಯೂ ಕಣ್ಣಿಗೆ ಹೊಡೆಯುತ್ತಿತ್ತು. ಕೌಂಟರಿನ ಹಿಂದೆ ಮೂರು ಜನ ನರ್ಸುಗಳಿದ್ದರು, ಅವರಲ್ಲಿ ಇಂಜೆಕ್ಷನ್ ಕೊಟ್ಟವಳು ಯಾರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಉಳಿದಿಬ್ಬರು ಅವಳಿಂದ ಒಂದು ಮಾರು ದೂರದಲ್ಲಿ ನಿಂತು ಕೆಲಸ ಮಾಡುತ್ತಿದ್ದರು.

ಅವನನ್ನು ಕಳಿಸಿದ್ದು ಮಾವ. ಮಾವ ಎಂದರೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಅವರ ಕಂಪನಿಯ ತಂಡದ ಮುಖ್ಯಸ್ಥರು. ಹುಡುಗರು ಹುಡುಗಿಯರು ಎನ್ನದೆ ಎಲ್ಲರನ್ನೂ 'ಅಳಿಯಾ' ಎಂದೇ ಕರೆದು, ಉಣ್ಣಿಸಿದಷ್ಟೇ ಬೈಯುತ್ತಿದ್ದುದರಿಂದ ಬಂದ ಹೆಸರು. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ, ಆಸ್ಪತ್ರೆಯವರು ಏನೋ ಗಲಾಟೆ ಮಾಡುತ್ತಿದ್ದಾರೆ, ಯಾರೋ ನರ್ಸು ಪರದೆಯ ಮೇಲೆ ಅಲರ್ಜಿ ಇಲ್ಲ ಅಂತಿತ್ತು ಅನ್ನುತ್ತಿದ್ದಾಳಂತೆ, ಇಂಜೆಕ್ಷನ್ ಕೊಟ್ಟಳಂತೆ, ಹೆಂಗಸು ಐದು ನಿಮಿಷದಲ್ಲಿ ನೀಲಿಗಟ್ಟಿದಳಂತೆ, ಈಗ ಉಸಿರಾಟದ ಯಂತ್ರಕ್ಕೆ ಹಾಕಿದ್ದಾರಂತೆ, ಸ್ವಲ್ಪ ನೋಡು ಎಂದಿದ್ದರು. 'ನೋಡು' ಎನ್ನುವ ಮೊದಲೇ ಅವನಿಗೆ ಗೊತ್ತಾಗಿತ್ತು. ಹಲ್ಲುಜ್ಜುತ್ತಿದ್ದವನ ಬಾಯಿಯ ನೊರೆ ಹಾಗೇ ಗಲ್ಲಕ್ಕಿಳಿದಿತ್ತು. ನೋಡುವುದು ಏನೂ ಇರಲಿಲ್ಲ. ಪ್ರೋಗ್ರಾಮಿನ ಆ ಸಾಲು ಅವನಿಗೆ ಬಾಯಿಪಾಠ.

ಅವನ ಕಸುಬಿನಲ್ಲಿ, ಇರಬಹುದಾದ ಇಲ್ಲದೆಯೂ ಇರಬಹುದಾದ ಮಾಹಿತಿಯನ್ನು ಬರಿಗೈಯಲ್ಲಿ ಹಿಡಿಯುವುದಿಲ್ಲ. ಅದನ್ನು ಒಂದು ಡಬ್ಬಿಯಲ್ಲಿಟ್ಟು ಸಾಗಿಸುತ್ತಾರೆ. ಆಪ್ಷನ್ ಎಂದು ಅದಕ್ಕೆ ಹೆಸರು. ಮುಚ್ಚಳ ತೆಗೆಯುವವನು ಒಳಗೆ ಇದ್ದರೆ ಏನು ಮಾಡಬೇಕು, ಇಲ್ಲದಿದ್ದರೆ ಏನು ಮಾಡಬೇಕು ಎರಡನ್ನೂ ಮೊದಲೇ ಹೇಳಿರಬೇಕು. ಇದನ್ನು ತಂಡಕ್ಕೆಲ್ಲ ಕಲಿಸಿದವನು ಅವನೇ. ಬಿಳಿ ಹಲಗೆಯ ಮೇಲೆ ಡಬ್ಬಿಯ ಚಿತ್ರ ಬರೆದು, ಡಬ್ಬಿಯನ್ನು ಕೊನೆಯವರೆಗೂ ಡಬ್ಬಿಯಾಗಿಯೇ ಒಯ್ಯಿರಿ, ದಾರಿಯಲ್ಲಿ ತೆರೆಯಬೇಡಿ, ನೋಡುವವರ ಕಣ್ಣೆದುರಿಗೆ ಮಾತ್ರ ತೆರೆಯಿರಿ ಎಂದು ಎರಡು ಗಂಟೆ ಭಾಷಣ ಮಾಡಿದ್ದ. ಅಲರ್ಜಿಯ ಡಬ್ಬಿಯೊಳಗೆ ಇರುವುದು ಒಂದು ಪಟ್ಟಿ. ಪಟ್ಟಿಯಲ್ಲಿ ಔಷಧಿಗಳ ಹೆಸರಿರಬಹುದು. ಅಥವಾ ಪಟ್ಟಿ ಖಾಲಿಯಿರಬಹುದು, ಹಾಗೆಂದರೆ ರೋಗಿಯನ್ನು ಕೇಳಿದ್ದಾರೆ, ಏನೂ ಇಲ್ಲ ಎಂದಿದ್ದಾಳೆ. ಅಥವಾ ಪಟ್ಟಿಯೇ ಇರದೆ ಡಬ್ಬಿಯೇ ಖಾಲಿಯಿರಬಹುದು. ಹಾಗೆಂದರೆ ಅವಳನ್ನು ಯಾರೂ ಕೇಳಿಲ್ಲ. ಅವನಿಗಿಂತ ಮುಂಚೆ ಇದ್ದ ಹೆಂಗಸೊಬ್ಬಳು, ಕೆಲಸ ಬಿಟ್ಟು ಹೋದವಳು, ಈ ಮೂರಕ್ಕೂ ಬೇರೆ ಬೇರೆ ದಾರಿ ಮಾಡಿ ಹನ್ನೊಂದು ಸಾಲು ಬರೆದಿದ್ದಳು. ಅವನು ಆ ಹನ್ನೊಂದನ್ನು ಓದಿ, ಅಜ್ಜಿ ಬಟ್ಟೆ ಮಡಚಿದ ಹಾಗಿದೆ ಎಂದು ನಕ್ಕು, ಒಂದೇ ಸಾಲು ಮಾಡಿದ್ದ: ಡಬ್ಬಿಯಲ್ಲಿದ್ದರೆ ಅದನ್ನು ಕೊಡು, ಇಲ್ಲದಿದ್ದರೆ ಖಾಲಿ ಪಟ್ಟಿ ಕೊಡು. ಖಾಲಿ ಪಟ್ಟಿ ಬಂದರೆ ಪರದೆ ಹಸಿರಿನಲ್ಲಿ 'ಇಲ್ಲ' ಎನ್ನುತ್ತಿತ್ತು. ಕೇಳದೇ ಉಳಿದವರೆಲ್ಲ ಅವತ್ತಿನಿಂದ ಕೇಳಿಸಿಕೊಂಡು ಇಲ್ಲ ಎಂದವರಾದರು. ಸಾಲುಗಳು ತಪ್ಪಿದರೆ ಕಂಪ್ಯೂಟರೇ ಎಚ್ಚರಿಸಲಿ ಎಂದು ಅವಳು ಬರೆದಿಟ್ಟಿದ್ದ ಪರೀಕ್ಷೆಯೊಂದು ಮಾತ್ರ ಕೆಂಪಾಗಿ ಹಟ ಹಿಡಿದು ನಿಂತಿತ್ತು. ಹಳೆಯ ಕಾಲದ್ದು ಎಂದು ಅದನ್ನು ಅಳಿಸಿದ. ಮಾವ ಅದನ್ನು ನೋಡಿ ಎಲ್ಲರ ಮುಂದೆ, ಹನ್ನೊಂದು ಸಾಲು ನುಂಗಿ ಒಂದೇ ಒಂದು ತೇಗು ತೇಗಿದ್ದಾನೆ ನೋಡ್ರಪ್ಪ, ಜೀರ್ಣಶಕ್ತಿ ಅಂದರೆ ಇದು ಎಂದಿದ್ದರು. ಅವತ್ತು ಅವನು ಮನೆಗೆ ನಡೆದುಕೊಂಡೇ ಹೋಗಿದ್ದ, ಅಷ್ಟು ಹಗುರವಾಗಿತ್ತು.

ಇವತ್ತು ಮಾತ್ರ ಆರೂ ನಲವತ್ತಕ್ಕೆ ಎಲ್ಲ ಮುಗಿದಿತ್ತು. ಒಂದು ಸಾಲನ್ನು ಏಳು ಸಾಲು ಮಾಡಿದ, ಹಳದಿ ಹಾಕಿದ, ವಿವರಣೆ ಬರೆಯುವ ಜಾಗದಲ್ಲಿ 'ಪರದೆಯ ಬಣ್ಣದಲ್ಲಿ ಸಣ್ಣ ತಿದ್ದುಪಡಿ' ಎಂದು ಬರೆದ. ಮಾವ ಹಾಸಿಗೆಯಲ್ಲೇ ಮಲಗಿ ಫೋನಿನಲ್ಲಿ ಒಪ್ಪಿಗೆ ಒತ್ತಿದರು. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದೇ ಅಷ್ಟು ಅವಸರ ಮಾಡಿದ್ದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಆದರೆ 'ಸಣ್ಣ' ಎಂಬ ಮಾತನ್ನು ಬೆರಳುಗಳು ಯಾಕೆ ತಾವಾಗಿಯೇ ಹೊಡೆದವು ಎಂದು ಬಸ್ಸಿನಲ್ಲಿ ಕೂತಾಗ ಯೋಚಿಸಿದ. ತಿಂಡಿ ತಿನ್ನುವಾಗ ಅಮ್ಮ ಎದುರಿಗೆ ಕೂತು, ಯಾಕೋ ಹೀಗಿದ್ದೀಯ ಎಂದು ಕೇಳಿದ್ದಳು. ಏನಿಲ್ಲ ಎಂದಿದ್ದ. "ಉಪ್ಪು ಹಾಕೋದೇ ಮರೆತಿದ್ದೀನಿ, ತಟ್ಟೆ ಬಳಿದು ತಿಂದಿದ್ದೀಯ. ಏನಿಲ್ಲವಂತೆ," ಎಂದಳು ಅಮ್ಮ. ಏನಿಲ್ಲ ಎನ್ನುವುದನ್ನು ಅವನು ಕಲಿತದ್ದು ಅಮ್ಮನಿಂದಲೇ. ಹಾಸ್ಟೆಲಿಗೆ ಸೇರಿಸುವಾಗ ಅರ್ಜಿಯಲ್ಲಿ ತಂದೆಯ ಕಡೆಯವರಿಗೆ ಸಕ್ಕರೆ ಕಾಯಿಲೆ ಇದೆಯೇ, ಹೃದಯದ ಕಾಯಿಲೆ ಇದೆಯೇ, ಮೂರ್ಛೆ ಇದೆಯೇ ಎಂದು ಉದ್ದಕ್ಕೆ ಕೇಳಿದ್ದರು. ಅಪ್ಪ ಬಿಟ್ಟುಹೋಗಿ ಆರು ವರ್ಷವಾಗಿತ್ತು, ಅಪ್ಪನ ಕಡೆಯವರನ್ನು ಅಮ್ಮ ಮದುವೆಯ ದಿನ ಬಿಟ್ಟರೆ ನೋಡಿದ್ದೇ ಕಡಿಮೆ. ಅಮ್ಮ ಕೊರೆಯುವ ಪೆನ್ನು ಹಿಡಿದು ಮೇಲಿನಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ ಎಂದು ಬರೆದಳು. ಗೊತ್ತಿಲ್ಲ ಅಂತ ಬರಿಯಮ್ಮ ಎಂದರೆ, ಖಾಲಿ ಬಿಟ್ಟರೆ ಆ ಗುಮಾಸ್ತ ಮೇಲೆ ಕೆಳಗೆ ನೋಡುತ್ತಾನೆ ಕಣೋ ಎಂದಿದ್ದಳು. ಗುಮಾಸ್ತ ಅರ್ಜಿಯನ್ನು ನೋಡಲೇ ಇಲ್ಲ, ಎಡಗೈಯಲ್ಲಿ ಠಸ್ಸೆ ಒತ್ತಿ ಕಳಿಸಿದ.

ಆಸ್ಪತ್ರೆಯ ಬಾಗಿಲಿನ ಕಾವಲುಗಾರ ಅವನ ಚೀಲ ನೋಡಿ, ಔಷಧಿ ಕಂಪನಿಯವರು ಎರಡು ಗಂಟೆಯ ಮೇಲೆ ಬರಬೇಕು ಎಂದು ತಡೆದಿದ್ದ. ತಾನು ಔಷಧಿಯವನಲ್ಲ, ಕಂಪ್ಯೂಟರಿನವನು ಎಂದು ಎರಡು ಸಲ ಹೇಳಬೇಕಾಯಿತು. ಹಾಗಿದ್ದರೆ ಟಿವಿ ನೋಡಿ ಹೋಗಿ, ಒಂದು ವಾರದಿಂದ ಬರುತ್ತಿಲ್ಲ ಎಂದು ಕಾವಲುಗಾರ ಕಾಯುವ ಕೋಣೆಯ ಕಡೆ ಕೈ ತೋರಿಸಿದ. ಅವನಿಗೆ ಸಿಟ್ಟು ಬರಲಿಲ್ಲ. ಅಷ್ಟು ಸಣ್ಣ ಅವಮಾನ ಆ ಹೊತ್ತಿಗೆ ಹಿತವಾಗಿಯೇ ಇತ್ತು, ಕಾಲಿಗೆ ಮುಳ್ಳು ಚುಚ್ಚಿದರೆ ಹಲ್ಲುನೋವು ಮರೆಯುವಂತೆ. ಈಗ ಮೂರನೇ ಮಹಡಿಯಲ್ಲಿ ನಿಂತು ಅವನು ಬೈಗುಳಕ್ಕಾಗಿ ಕಾದ. ಮೆಟ್ಟಿಲು ಹತ್ತುವಾಗಲೇ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ: ಆ ನರ್ಸು ಜಗಳಕ್ಕೆ ಬರುತ್ತಾಳೆ, ನಿಮ್ಮ ದರಿದ್ರ ಕಂಪ್ಯೂಟರು ಎನ್ನುತ್ತಾಳೆ, ತಾನು ತಲೆತಗ್ಗಿಸಿ ನಿಲ್ಲುತ್ತೇನೆ. ಬೈಸಿಕೊಂಡರೆ ಅರ್ಧ ತೀರಿದಂತೆ. ಹೆಡ್ ಸಿಸ್ಟರ್ ಬಂದರು. ಐವತ್ತು ದಾಟಿದ, ಎತ್ತರದ, ಮಾತಿನ ಮಧ್ಯೆ ಉಸಿರು ಎಳೆಯದ ಹೆಂಗಸು. ಅವನ ಹೆಸರು ಕೇಳಲಿಲ್ಲ. ಪರದೆಯನ್ನು ಅವನ ಕಡೆ ಇನ್ನಷ್ಟು ತಿರುಗಿಸಿ, ನೋಡಿ, ನಿನ್ನೆಯಿಂದ ಈ ಹುಡುಗಿ ಇದರಲ್ಲಿ 'ಅಲರ್ಜಿ ಇಲ್ಲ' ಅಂತಿತ್ತು ಅಂತ ಸಾಧಿಸುತ್ತಿದ್ದಳು, ನಾನೂ ತೆಗೆದು ನೋಡದೆ ಅವಳ ಮಾತು ನಂಬಿ ಮೇಲಿನವರ ಹತ್ತಿರ ವಾದ ಮಾಡಿ ನಿಮ್ಮ ಕಂಪನಿಗೆ ಫೋನ್ ಮಾಡಿಸಿದೆ, ಬೆಳಿಗ್ಗೆ ಬಂದು ತೆಗೆದು ನೋಡಿದರೆ ಹೀಗಿದೆ ಎಂದರು. ಕೂಗಲಿಲ್ಲ. ತಮ್ಮ ಮನೆಯ ಹುಡುಗಿ ಮರ್ಯಾದೆ ಕಳೆದಾಗ ಹೊರಗಿನವರ ಮುಂದೆ ಮಾತಾಡುವ ದನಿ ಅದು.

ಅವನು ನರ್ಸಿನ ಕಡೆ ನೋಡಿದ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ನಿನ್ನೆಯ ಪಾಳಿಗೆ ಬಂದವಳು ಮನೆಗೆ ಹೋದಂತಿರಲಿಲ್ಲ, ಕೂದಲು ಒಂದು ಕಡೆ ಮಲಗಿತ್ತು. ಅವಳ ಮುಂದೆ ಗೆರೆಯ ಕಾಗದವೊಂದಿತ್ತು, ಅರ್ಧ ಬರೆದದ್ದು. ಅವಳು ಅವನನ್ನಾಗಲಿ ಹೆಡ್ ಸಿಸ್ಟರನ್ನಾಗಲಿ ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು, ಊರು ಸೇರಿ ನಿನ್ನದಲ್ಲ ಎಂದ ಮಗುವನ್ನು ತಾಯಿ ನೋಡುವಂತೆ.

"ಹಸಿರಿತ್ತು ಸರ್," ಅಂದಳು. "ನನಗೆ ಹಸಿರು ಅಂತಾನೇ ನೆನಪು. ಆದ್ರೆ ಬೆಳಿಗ್ಗೆಯಿಂದ ಎಲ್ರೂ ನೋಡಿದಾರೆ, ಹಳದಿನೇ ಇದೆ. ನಾನೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ. ಗಡಿಬಿಡಿ ಇತ್ತು. ರಕ್ತ ಹೋಗ್ತಾ ಇತ್ತು."

ಅವನ ಕಿವಿಯಲ್ಲಿ ಏನೋ ಮುಚ್ಚಿಕೊಂಡಂತಾಯಿತು. ಬಸ್ಸಿನಲ್ಲಿ, ಮೆಟ್ಟಿಲಿನಲ್ಲಿ, ಹಲ್ಲುಜ್ಜುವ ಕೊಳಾಯಿಯ ಮುಂದೆ ಅವನು ಎಲ್ಲವನ್ನೂ ಎಣಿಸಿದ್ದ, ಇದೊಂದನ್ನು ಬಿಟ್ಟು. ಡಬ್ಬಿ ಖಾಲಿ ಇದೆ ಎಂಬುದು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ. ಅದಕ್ಕೆ ಪರದೆ ಏನು ಹೇಳಬೇಕೆಂಬುದನ್ನು ಅವನ ಸಾಲು ಆ ಕ್ಷಣದಲ್ಲಿ, ನೋಡುವವರು ನೋಡಿದಾಗಲೆಲ್ಲ ಹೊಸದಾಗಿ ತೀರ್ಮಾನಿಸುತ್ತದೆ. ಹಾಗಾಗಿ ಸಾಲು ತಿದ್ದಿದರೆ ಇವತ್ತಿನದು ಮಾತ್ರ ತಿದ್ದುವುದಿಲ್ಲ. ನಿನ್ನೆಯೂ ತಿದ್ದಿಹೋಗುತ್ತದೆ. ನಿನ್ನೆ ಮೂರೂ ಹತ್ತರ ದಾಖಲೆಯನ್ನು ಈಗ ತೆರೆದರೆ ಅದು ಯಾವತ್ತೂ ಹಳದಿಯೇ ಆಗಿದ್ದಂತೆ ನಿಂತಿರುತ್ತದೆ. ಆರೂ ನಲವತ್ತಕ್ಕೆ, ಉಪ್ಪಿಲ್ಲದ ತಿಂಡಿಗೆ ಮೊದಲು, ಅವನು ಈ ಹುಡುಗಿಯ ಕಣ್ಣಿನೊಳಗೆ ಕೈ ಹಾಕಿ ಅಲ್ಲಿದ್ದ ಹಸಿರನ್ನು ಒರೆಸಿದ್ದ. ಅವಳು ಜಗಳಕ್ಕೆ ಬರಲಿಲ್ಲ. ತನ್ನ ಕಣ್ಣೇ ಸುಳ್ಳು ಎಂದು ಒಪ್ಪಿಕೊಳ್ಳುತ್ತಿದ್ದಳು, ಸರ್ ಎನ್ನುತ್ತಿದ್ದಳು. ಅವನು ಕೌಂಟರಿನ ಅಂಚು ಹಿಡಿದುಕೊಂಡ. ಅಂಚಿನಲ್ಲಿ ಯಾರೋ ಅಂಟಿಸಿದ ಬ್ಯಾಂಡೇಜಿನ ತುಂಡೊಂದು ಇತ್ತು, ಅದನ್ನು ಉಗುರಿನಿಂದ ಕೆರೆಯತೊಡಗಿದ, ಅದು ಬಹಳ ಮುಖ್ಯ ಕೆಲಸವೆನ್ನುವಂತೆ.

ಹೆಡ್ ಸಿಸ್ಟರ್ ಕೇಳಿದ್ದು ಇಷ್ಟೇ. ಇದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ನೀವು ಬರೆದುಕೊಟ್ಟರೆ ಮಧ್ಯಾಹ್ನದ ವಿಚಾರಣೆಗೆ ಅದು ಸಾಕು, ಅವಳ ವಿವರಣೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಅವನು ಒಂದು ಫೋನ್ ಮಾಡಿ ಬರುತ್ತೇನೆ ಎಂದು ಕಾರಿಡಾರಿಗೆ ಬಂದ. ಮಾವ ಎರಡನೇ ರಿಂಗಿಗೇ ಎತ್ತಿದರು. ಅವನು ಎಲ್ಲ ಹೇಳಿದ, ಹನ್ನೊಂದು ಸಾಲಿನಿಂದ ಹಳದಿಯವರೆಗೆ. ಆ ಕಡೆ ಬಾಗಿಲು ಹಾಕಿಕೊಂಡ ಶಬ್ದ.

"ಅಳಿಯಾ, ಈಗ ಸ್ಕ್ರೀನ್ ಸರಿ ಇದೆ ತಾನೆ?"

"ಈಗ ಇದೆ."

"ಹಾಗಾದ್ರೆ ಸರಿ ಇದೆ ಅಂತ ಬರೆದುಕೊಟ್ಟು ಬಾ. ಸುಳ್ಳು ಹೇಳು ಅಂತಿಲ್ಲ ನಾನು. ಅವರು ಕೇಳಿದ್ದು ಈಗಿನದು, ನೀನು ಹೇಳೋದೂ ಈಗಿನದು. ನಿನ್ನೆ ವಿಷಯ ಯಾರಾದ್ರೂ ಕೇಳಿದ್ರಾ?"

ಇಲ್ಲ ಎಂದ. ಮಾವ ಕೆಟ್ಟವರಲ್ಲ. ಅಮ್ಮನ ಕಣ್ಣಿನ ಆಪರೇಷನ್ ದಿನ ಹೇಳದೇ ಕೇಳದೇ ಬಂದು ಆಸ್ಪತ್ರೆಯ ಹೊರಗೆ ಕೂತಿದ್ದವರು. ಈಗಲೂ ದನಿಯಲ್ಲಿ ಅದೇ ಕಾಳಜಿ ಇತ್ತು, ಬಿದ್ದು ಮಂಡಿ ತರಚಿಕೊಂಡವನಿಗೆ ಎದ್ದೇಳು ಎನ್ನುವಂಥದು. ಸುಳ್ಳು ಹೇಳು ಎಂದಿದ್ದರೆ ಜಗಳವಾಡಬಹುದಿತ್ತು.

ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೆಂಗಸರ ಒಂದು ಜೊತೆ ಚಪ್ಪಲಿ. ತಾನು ಫೋನಿನಲ್ಲಿ ಮಾತಾಡಿದ್ದರಲ್ಲಿ ಏನಾದರೂ ಆತನಿಗೆ ಕೇಳಿಸಿತೋ ಏನೋ ಎಂದು ಬೆಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕೈ ತಾನಾಗಿ ಲ್ಯಾಪ್‌ಟಾಪ್ ಚೀಲದ ಮೇಲಕ್ಕೆ ಹೋಯಿತು. ಆ ಮನುಷ್ಯ ಹದಿನಾಲ್ಕನೇ ಹಾಸಿಗೆಯವಳ ತಮ್ಮ. ಕೇಳದೆಯೇ ಹೇಳತೊಡಗಿದ, ನಿನ್ನೆಯಿಂದ ಬಂದವರಿಗೆಲ್ಲ ಹೇಳಿ ಹೇಳಿ ಮಾತು ನುಣ್ಣಗಾಗಿತ್ತು. ಅಕ್ಕ ಬಟ್ಟೆ ಅಂಗಡಿಯಲ್ಲಿ ಏಣಿ ಹತ್ತಿ ಬಟ್ಟೆಯ ಗಂಟು ಇಳಿಸುವಾಗ ಜಾರಿ ಗಾಜಿನ ಮೇಲೆ ಬಿದ್ದಿದ್ದಳು. ಎಚ್ಚರ ತಪ್ಪಿತ್ತು. ಹೊತ್ತು ತಂದವರು ಅಂಗಡಿಯ ಹುಡುಗಿಯರು, ಅವರಿಗೆ ಅಕ್ಕನ ವಯಸ್ಸೂ ಸರಿಯಾಗಿ ಗೊತ್ತಿರಲಿಲ್ಲ. ತಾನು ಬರುವ ಹೊತ್ತಿಗೆ ಒಂದು ಗಂಟೆ ತಡವಾಗಿತ್ತು. ಚಿಕ್ಕವಳಿದ್ದಾಗ ಇದೇ ಜಾತಿಯ ಇಂಜೆಕ್ಷನ್ನಿಗೆ ಅವಳ ಮುಖ ಕುಂಬಾರನ ಮಡಕೆಯಾಗಿತ್ತು, ಕಣ್ಣು ಎಲ್ಲಿ ಬಾಯಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ, ತಾವು ಮಕ್ಕಳು ಅದನ್ನು ಹೇಳಿ ಹೇಳಿ ನಗುತ್ತಿದ್ದೆವು ಎಂದ. ನಿಜವಾಗಿಯೂ ಸ್ವಲ್ಪ ನಕ್ಕ.

"ಅಂಗಡಿಯವರ ಹತ್ರ ನನ್ನ ನಂಬರ್ ಇತ್ತು," ಅಂದ ಆಮೇಲೆ. "ಒಂದು ಫೋನ್ ಮಾಡಿ ಕೇಳಿದ್ರೆ ಹೇಳ್ತಿದ್ದೆ. ಯಾಕೆ ಕೇಳಲಿಲ್ಲ ಅಂತ ಆ ನರ್ಸಮ್ಮನ್ನ ಕೇಳ್ದೆ. ಗೊತ್ತಿದೆ ಅಂದ್ಕೊಂಡೆ ಅಂದ್ರು. ಪಾಪ, ಏನು ಅಂದ್ಕೊಂಡ್ರೋ."

ಗೊತ್ತಿದೆ ಅಂದುಕೊಂಡೆ. ಅವನು ಅಲ್ಲೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಹಳದಿ ಇದ್ದಿದ್ದರೆ ಅವಳು ಕೇಳುತ್ತಿದ್ದಳು. ಹನ್ನೊಂದು ಸಾಲಿದ್ದಾಗ ಕೇಳುತ್ತಿದ್ದರು. ಎಷ್ಟು ಜನ ನರ್ಸುಗಳು ಎಷ್ಟು ಸಲ ಕೇಳಿದ್ದರೋ, ಅದು ಯಾರಿಗೂ ಸುದ್ದಿಯಾಗದೆ ಹೋಗಿತ್ತು, ಆಗದೇ ಹೋದದ್ದು ಸುದ್ದಿಯಾಗುವುದಿಲ್ಲ. ಕೆಲಸ ಬಿಟ್ಟು ಹೋದ ಆ ಹೆಂಗಸು ಎಲ್ಲಿದ್ದಾಳೋ. ಅವಳ ಮುಖ ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಅವಳ ಹನ್ನೊಂದು ಸಾಲು ಮಾತ್ರ, ಅದನ್ನೂ ಅವನು ಓದಿದ್ದು ನಗುವುದಕ್ಕೆ. ಕೆಲಸ ಹೋಗುತ್ತದೆ ಎಂದು ಯೋಚಿಸಿದ. ಹೋಗುತ್ತದೆ, ಇನ್ನೊಂದು ಸಿಗಲೂಬಹುದು. ಪೊಲೀಸರು ಬರಬಹುದು ಎಂದು ಯೋಚಿಸಿದ, ಅಮ್ಮ ಬಾಗಿಲು ತೆಗೆಯುವುದು ಕಂಡಿತು, ಕೈಯಲ್ಲಿ ಸೌಟು. ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಯೋಚಿಸಿದ. ಒಂದು ಕಾಗದಕ್ಕೆ ಸಹಿ. ಈಗ ಸರಿಯಾಗಿದೆ. ಸಂಜೆ ಅಮ್ಮ ಉಪ್ಪು ಹಾಕುತ್ತಾಳೆ. ಆ ಹುಡುಗಿ ಇನ್ನು ಮುಂದೆ ಯಾವ ಪರದೆಯನ್ನು ನೋಡಿದರೂ, ಬಾಗಿಲಿನ ಚಿಲಕ ನೋಡಿದರೂ, ಒಲೆ ಆರಿಸಿದ್ದೇನೆಯೇ ಎಂದು ನೋಡಿದರೂ ಎರಡು ಸಲ ನೋಡುತ್ತಾಳೆ, ಎರಡು ಸಲ ನೋಡಿಯೂ ನಂಬುವುದಿಲ್ಲ. ಅಷ್ಟೇ. ಲೋಕದಲ್ಲಿ ಅದಕ್ಕೆ ಯಾರೂ ಅಪಘಾತ ಎನ್ನುವುದಿಲ್ಲ.

ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಧೈರ್ಯವೇನೂ ಬಂದಿರಲಿಲ್ಲ. ಬೆರಳುಗಳಿಗೆ ಗೊತ್ತಿದ್ದ ಕೆಲಸ ಅದೊಂದೇ ಆಗಿತ್ತು. ನಿನ್ನೆಯ ಸಾಲು ಹಳೆಯ ಆವೃತ್ತಿಯಲ್ಲಿ ಹಾಗೇ ಇತ್ತು, ಅವನ ಕಸುಬಿನಲ್ಲಿ ಯಾವುದೂ ಪೂರ್ತಿ ಅಳಿಯುವುದಿಲ್ಲ. ಅದನ್ನು ತನ್ನ ಯಂತ್ರದಲ್ಲೇ ಮತ್ತೆ ಎಬ್ಬಿಸಿದ. ಒಬ್ಬ ಸುಳ್ಳು ರೋಗಿಯನ್ನು ಹುಟ್ಟಿಸಿದ, ಹೆಂಗಸು, ನಲವತ್ತೊಂದು, ಅಲರ್ಜಿಯ ಜಾಗದಲ್ಲಿ ಏನನ್ನೂ ತುಂಬಲಿಲ್ಲ. ಪರದೆ ಒಂದು ಕ್ಷಣ ಬಿಳಿಯಾಗಿ ನಿಂತು, ಆಮೇಲೆ ತೋರಿಸಿತು. ಹಸಿರು. ಪಕ್ಕದಲ್ಲಿದ್ದ ತಮ್ಮ ಬಗ್ಗಿ ನೋಡಿ, ನೀವು ಕಂಪ್ಯೂಟರಿನವರಾ ಎಂದು ಕೇಳಿದ. ಹೌದು ಎಂದ. ಕಾಲು ಮರಗಟ್ಟಿತ್ತು, ಎದ್ದು ನಡೆಯುವಾಗ ಒಂದು ಹೆಜ್ಜೆ ಬೇರೆ ಕಡೆ ಬಿತ್ತು.

ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ, ಅವರ ಕಂಪ್ಯೂಟರಿನ ಪಕ್ಕದಲ್ಲಿಟ್ಟ. ಅಲ್ಲಿ ಹಳದಿ, ಇಲ್ಲಿ ಹಸಿರು. ಡಬ್ಬಿ ಅಂತ ಶುರುಮಾಡಿ ನಿಲ್ಲಿಸಿದ. ಉಳಿದಿಬ್ಬರು ನರ್ಸುಗಳು ಕೆಲಸ ಬಿಟ್ಟು ಹತ್ತಿರ ಬಂದರು. ಆ ಹುಡುಗಿ ಪೆನ್ನು ಹಿಡಿದೇ ಎದ್ದು, ಕೌಂಟರು ಸುತ್ತಿ ಅವನ ಪಕ್ಕಕ್ಕೆ ಬಂದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟಳು, ಅಕ್ಷರದ ಮೇಲೆಯೇ, ಬೆರಳ ಗುರುತು ಮೂಡುವಷ್ಟು ಒತ್ತಿ.

"ಇದೇ," ಅಂದಳು. "ಇದೇ ಹಸಿರು."

"ನಿನ್ನೆವರೆಗೂ ಹೀಗೇ ಇತ್ತು," ಎಂದ ಅವನು. "ಕೇಳದಿದ್ರೂ ಇಲ್ಲ ಅಂತಾನೇ ತೋರಿಸ್ತಿತ್ತು. ನೀವು ನೋಡಿದ್ದು ಸರಿ."

"ಹೀಗೆ ಬರೆದಿದ್ದು ಯಾರು?" ಹೆಡ್ ಸಿಸ್ಟರ್ ಕೇಳಿದರು.

"ನಾನು."

"ಬೆಳಿಗ್ಗೆ ಬದಲಾಯಿಸಿದ್ದು?"

"ಅದೂ ನಾನೇ."

"ಎಷ್ಟು ಗಂಟೆಗೆ?"

ಹೇಳಿದ. ಹೆಡ್ ಸಿಸ್ಟರ್ ಗೋಡೆಯ ಗಡಿಯಾರ ನೋಡಿದರು, ಹನ್ನೊಂದೂವರೆ ಆಗಿತ್ತು. ಅವರ ತುಟಿಗಳು ಅಲುಗಿದವು, ಅಷ್ಟು ಗಂಟೆಗಳನ್ನು ಲೆಕ್ಕ ಹಾಕುತ್ತಿದ್ದಂತೆ. ಕಾರಿಡಾರಿನಿಂದ ತಮ್ಮ ಎದ್ದು ಬಂದು ಕೌಂಟರಿನ ತುದಿಯಲ್ಲಿ ನಿಂತಿದ್ದ, ಚಪ್ಪಲಿಯ ಚೀಲ ಕೈಯಲ್ಲೇ ಇತ್ತು. ಎಷ್ಟು ಕೇಳಿಸಿಕೊಂಡನೋ ಗೊತ್ತಾಗಲಿಲ್ಲ. ಅವನನ್ನೇ ನೋಡುತ್ತಿದ್ದ, ಮೊದಲ ಸಲ ನೋಡುವವನಂತೆ. ಹುಡುಗಿ ಇನ್ನೂ ಬೆರಳು ತೆಗೆದಿರಲಿಲ್ಲ. ಅವಳ ಕಾಲು ನಡುಗುತ್ತಿದ್ದುದು ಕೌಂಟರಿನ ಹಲಗೆಯವರೆಗೆ ಬಂದು, ಅದರ ಮೇಲಿದ್ದ ಗಾಜಿನ ಲೋಟ ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳು ಬೈಯುತ್ತಾಳೆ ಎಂದು ಅವನು ಈಗಲೂ ಕಾದ. ಅವಳು ಅವನ ಕಡೆ ತಿರುಗಲೇ ಇಲ್ಲ.

ಹೆಡ್ ಸಿಸ್ಟರ್ ಗೋಡೆಯ ಬಳಿಯಿದ್ದ ಕುರ್ಚಿಯನ್ನು ಒಂದೇ ಕೈಯಲ್ಲಿ ಎಳೆದು ತಂದರು. ಕುರ್ಚಿ ಅವನ ಮಂಡಿಗೆ ತಾಗಿ ನಿಂತಿತು. ಬೆಳಿಗ್ಗೆಯಿಂದ ಯಾರೂ ಅವನಿಗೆ ಕೂರು ಎಂದಿರಲಿಲ್ಲ, ಕಣ್ಣು ಮಂಜಾಯಿತು, ಒಂದು ಕೈ ಹಿಂದಕ್ಕೆ ಚಾಚಿ ಹಿಡಿ ಹುಡುಕಿ ಅವನು ಕೂರಲು ಬಗ್ಗಿದ.

"ನಿಮಗಲ್ಲ," ಎಂದರು ಹೆಡ್ ಸಿಸ್ಟರ್.